ಒಡವೆ ಮಳಿಗೆಗೆ ಬೇಕಾದದ್ದು ಜನಸಂದಣಿಯಲ್ಲ

ಪ್ಯಾರಿಸಿನ ಪ್ಲಾಸ್ ವಾಂಡೋಮ್ ಚೌಕದ 26ನೇ ಸಂಖ್ಯೆಯ ಕಟ್ಟಡ ಮೂಲೆಯಲ್ಲಿದೆ. 1893ರಲ್ಲಿ ಫ್ರೆಡರಿಕ್ ಬೂಶ್ರಾನ್ ಪಾಲೆ ರೊಯಾಲ್‌ನ ಕಮಾನುಗಳ ನೆರಳಿನಲ್ಲಿದ್ದ ತನ್ನ ಆಭರಣ ಮಳಿಗೆಯನ್ನು ಎತ್ತಿ ಆ ಮೂಲೆಗೆ ತಂದ. ಇಂದು ನಾವು ಹೆಸರಿಸುವ ದೊಡ್ಡ ಆಭರಣ ಸಂಸ್ಥೆಗಳ ಪೈಕಿ ಆ ಚೌಕಕ್ಕೆ ಮೊದಲು ಕಾಲಿಟ್ಟವನು ಅವನು. ದಿನದಲ್ಲಿ ಅತಿ ಹೆಚ್ಚು ಹೊತ್ತು ಬಿಸಿಲು ಬೀಳುವ ಜಾಗ ಅದು, ಗಾಜಿನ ಹಿಂದಿನ ವಜ್ರಗಳು ಹೆಚ್ಚು ಮಿನುಗಲಿ ಎಂದೇ ಅದನ್ನು ಆರಿಸಿಕೊಂಡ ಎಂಬ ಮಾತು ಆ ಸಂಸ್ಥೆಯಲ್ಲಿ ಇಂದಿಗೂ ಉಳಿದುಕೊಂಡು ಬಂದಿದೆ. ಚೌಕಕ್ಕೆ ಜಗತ್ತಿನ ಸಿರಿವಂತರನ್ನು ಸೆಳೆದ ರಿಟ್ಸ್ ಹೋಟೆಲ್ ಬಾಗಿಲು ತೆರೆದದ್ದು 1898ರಲ್ಲಿ, ಅಂದರೆ 5 ವರ್ಷ ತಡವಾಗಿ. ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ ಬಂದದ್ದು 1906ರಲ್ಲಿ, ಶೋಮೆ ಬಂದದ್ದು 1907ರಲ್ಲಿ. ಬೂಶ್ರಾನ್ ಜಾಗ ಹುಡುಕಿದಾಗ ಅವನ ಕೈಯಲ್ಲಿ ಇದ್ದದ್ದು ಸರಕಿನ ಸ್ವಭಾವದ ಅರಿವು ಮತ್ತು ಬಿಸಿಲಿನ ಲೆಕ್ಕ, ಇಷ್ಟೇ.

ಈ ಕಥೆಯನ್ನು ಮೊದಲಿಗೇ ಹೇಳಲು ಕಾರಣವಿದೆ. ಐಷಾರಾಮಿ ಆಭರಣದ ಬ್ರ್ಯಾಂಡ್ ಒಂದು ಹೊಸ ಮಳಿಗೆಗೆ ಜಾಗ ಹುಡುಕಲು ಹೊರಟಾಗ ಇಂದು ಮೊದಲು ಮೇಜಿನ ಮೇಲೆ ಬರುವುದು ಜನಸಂಚಾರದ ಅಂಕಿಅಂಶ. ಗಂಟೆಗೆ ಎಷ್ಟು ಜನ ಹಾದುಹೋಗುತ್ತಾರೆ, ವಾರಾಂತ್ಯದಲ್ಲಿ ಎಷ್ಟು, ಹಬ್ಬದ ದಿನಗಳಲ್ಲಿ ಎಷ್ಟು ಎಂಬ ಪಟ್ಟಿಯನ್ನು ದಲ್ಲಾಳಿ ಹೆಮ್ಮೆಯಿಂದ ಮುಂದಿಡುತ್ತಾನೆ. ಚಪ್ಪಲಿ, ಕಾಫಿ, ಮೊಬೈಲ್ ಕವರ್ ಮಾರುವವರಿಗೆ ಆ ಪಟ್ಟಿ ಜೀವಾಳ. ಉನ್ನತ ದರ್ಜೆಯ ಒಡವೆ ಮಾರುವವರಿಗೆ ಅದು ದಾರಿ ತಪ್ಪಿಸುವ ಪಟ್ಟಿ ಎಂದೇ ನನ್ನ ಅಭಿಪ್ರಾಯ. ದೊಡ್ಡ ಮೊತ್ತದ ಒಡವೆಯನ್ನು ಯಾರೂ ನಡೆದುಹೋಗುತ್ತಾ ಕೊಳ್ಳುವುದಿಲ್ಲ. ಒಳಗೆ ಬಂದು ಕೂರುತ್ತಾರೆ, ಕೈಗೆ ಹಾಕಿಕೊಳ್ಳುತ್ತಾರೆ, ತೆಗೆಯುತ್ತಾರೆ, ಎದ್ದು ಹೋಗಿ ಮತ್ತೊಂದು ದಿನ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಾರೆ. ಆ ಒಂದು ಗಂಟೆಯ ನಿಶ್ಚಿಂತೆಯನ್ನು ಒದಗಿಸುವ ಜಾಗವೇ ಸರಿಯಾದ ಜಾಗ. ನೂಕುನುಗ್ಗಲಿನ ಬೀದಿಯಲ್ಲಿ ಬಾಗಿಲು ತಳ್ಳಲು ಹಿಂಜರಿಯುವ ಗಿರಾಕಿಯನ್ನು ಎಣಿಕೆಯ ಯಂತ್ರ ಎಣಿಸುವುದೇ ಇಲ್ಲ.

ಈ ಪ್ರಶ್ನೆ ಈಗ ಬಿಸಿಯಾಗಿರುವುದಕ್ಕೆ ಮಾರುಕಟ್ಟೆಯ ಬದಲಾವಣೆಯೂ ಕಾರಣ. ದೊಡ್ಡ ಐಷಾರಾಮಿ ಸಮೂಹಗಳು ಬಾಡಿಗೆ ಕೊಡುವ ಬದಲು ಕಟ್ಟಡಗಳನ್ನೇ ಕೊಳ್ಳತೊಡಗಿವೆ. ಬೂಶ್ರಾನ್ ಮತ್ತು ಪೊಮೆಲ್ಲಾಟೊ ಬ್ರ್ಯಾಂಡ್‌ಗಳ ಒಡೆತನ ಹೊಂದಿರುವ ಕೆರಿಂಗ್ ಸಮೂಹ 2024ರ ಜನವರಿಯಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಆಸ್ತಿಯೊಂದಕ್ಕೆ 96.3 ಕೋಟಿ ಡಾಲರ್ ತೆತ್ತಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಿಲಾನಿನ ವಿಯಾ ಮೊಂಟೆ ನೆಪೊಲಿಯೋನೆ ಬೀದಿಯ 8ನೇ ಸಂಖ್ಯೆಯ ಕಟ್ಟಡವನ್ನು 130 ಕೋಟಿ ಯೂರೊಗೆ ಕೊಂಡಿತು. ಕುಶ್ಮನ್ ಅಂಡ್ ವೇಕ್‌ಫೀಲ್ಡ್ ಎಂಬ ಆಸ್ತಿ ಸಲಹಾ ಸಂಸ್ಥೆಯ 2024ರ ವರದಿಯಲ್ಲಿ ಇದೇ ಮಿಲಾನ್ ಬೀದಿ ಫಿಫ್ತ್ ಅವೆನ್ಯೂವನ್ನು ಹಿಂದಿಕ್ಕಿ ಜಗತ್ತಿನ ಅತಿ ದುಬಾರಿ ಅಂಗಡಿ ಬೀದಿ ಎನಿಸಿಕೊಂಡಿತು. ಆಗ ಅಲ್ಲಿನ ಬಾಡಿಗೆ ಚದರ ಮೀಟರಿಗೆ ವರ್ಷಕ್ಕೆ 20,000 ಯೂರೊ ಇತ್ತು. ಬೀದಿಯ ಕಟ್ಟಡಗಳೆಲ್ಲ ಒಂದೊಂದಾಗಿ ಬ್ರ್ಯಾಂಡ್‌ಗಳ ಕೈಸೇರಿದರೆ ಬಾಡಿಗೆಗೆ ಸಿಗುವ ಜಾಗ ಕಡಿಮೆಯಾಗುತ್ತದೆ, ಸಿಕ್ಕಿದ್ದಕ್ಕೆ ಬೆಲೆ ಏರುತ್ತದೆ. ಪ್ರತಿಸ್ಪರ್ಧಿಯೇ ಮನೆ ಮಾಲೀಕನಾಗುವ ವಿಚಿತ್ರ ಪರಿಸ್ಥಿತಿಯನ್ನೂ ಸಣ್ಣ ಸಂಸ್ಥೆಗಳು ಎದುರಿಸಬೇಕಾಗುತ್ತದೆ.

ಕಟ್ಟಡ ಕೊಳ್ಳುವ ಹಂಬಲ ಹೊಸದೇನಲ್ಲ. 1917ರಲ್ಲಿ ಆಭರಣ ವ್ಯಾಪಾರಿ ಪಿಯರ್ ಕಾರ್ಟಿಯೇ ಫಿಫ್ತ್ ಅವೆನ್ಯೂದ ಒಂದು ಭವನವನ್ನು 100 ಡಾಲರ್ ನಗದು ಮತ್ತು ಎರಡೆಳೆಯ ಸಹಜ ಮುತ್ತಿನ ಹಾರದ ವಿನಿಮಯದಲ್ಲಿ ಪಡೆದ. ಹಾರದ ಬೆಲೆ ಆಗ 10 ಲಕ್ಷ ಡಾಲರ್. ಆಮೇಲೆ ಕೃಷಿ ಮುತ್ತುಗಳು ಮಾರುಕಟ್ಟೆಗೆ ಬಂದು ಸಹಜ ಮುತ್ತಿನ ಬೆಲೆ ಕುಸಿಯಿತು. ಒಡತಿಯ ಮರಣದ ನಂತರ 1957ರಲ್ಲಿ ಹರಾಜಾದಾಗ ಆ ಹಾರಕ್ಕೆ ಸಿಕ್ಕಿದ್ದು ಸುಮಾರು ಒಂದೂವರೆ ಲಕ್ಷ ಡಾಲರ್. ಭವನದಲ್ಲಿ ಕಾರ್ಟಿಯೇ ಮಳಿಗೆ ಇಂದಿಗೂ ಇದೆ. ಆಭರಣ ವ್ಯಾಪಾರಿಗಳು ಈ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು ಸಹಜ. ಆದರೆ ಅದನ್ನು ನೆಪವಾಗಿಟ್ಟುಕೊಂಡು ಕೈಮೀರಿದ ಬಾಡಿಗೆಗೆ ಸಹಿ ಹಾಕುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಕಾರ್ಟಿಯೇ ಕೊಂಡದ್ದು ಮನೆಯನ್ನು. ಬಾಡಿಗೆದಾರನ ಪಾಲಿಗೆ ಬೀದಿಯ ಬೆಲೆ ಏರಿಕೆ ಲಾಭವಲ್ಲ, ಮುಂದಿನ ಕರಾರಿನ ಹೊರೆ.

ಬಾಡಿಗೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಡವೆ ವ್ಯಾಪಾರಕ್ಕೆ ಒಂದು ಅನುಕೂಲ ಅಡಗಿರುವುದು ಕಾಣುತ್ತದೆ. ಬ್ರಿಟನ್ನಿನ ಮೌಲ್ಯಮಾಪಕರು ಅಂಗಡಿಯ ಜಾಗವನ್ನು ಬೀದಿಯಿಂದ ಒಳಮುಖವಾಗಿ ವಲಯಗಳಾಗಿ ಕತ್ತರಿಸುತ್ತಾರೆ. ಗಾಜಿನಿಂದ ಮೊದಲ 20 ಅಡಿ ಎ ವಲಯ, ಅದಕ್ಕೆ ಪೂರ್ತಿ ದರ. ಮುಂದಿನ 20 ಅಡಿಗೆ ಅರ್ಧ, ಅದರಾಚೆಗೆ ಕಾಲುಭಾಗ. 20 ಅಡಿ ಅಗಲ, 20 ಅಡಿ ಆಳದ ಅಂಗಡಿಯನ್ನು ತೆಗೆದುಕೊಳ್ಳಿ. ಅದರ 400 ಚದರ ಅಡಿಗೂ ಪೂರ್ತಿ ದರ ಬೀಳುತ್ತದೆ. 10 ಅಡಿ ಅಗಲ, 60 ಅಡಿ ಆಳದ ಅಂಗಡಿ 600 ಚದರ ಅಡಿ ಇದ್ದರೂ ಲೆಕ್ಕಕ್ಕೆ ಬರುವುದು 200, ಅದರ ಮೇಲೆ 100, ಅದರ ಮೇಲೆ 50, ಒಟ್ಟು 350 ಚದರ ಅಡಿ ಮಾತ್ರ. ಕಡಿಮೆ ಬಾಡಿಗೆಗೆ ಒಂದೂವರೆ ಪಟ್ಟು ಜಾಗ ಸಿಕ್ಕಂತಾಯಿತು.

ಬಟ್ಟೆಯ ಅಂಗಡಿಗೆ ಈ ಉದ್ದನೆಯ ಕೊಳವೆ ಬೇಡ. ಅದಕ್ಕೆ ಹತ್ತಾರು ಗೊಂಬೆಗಳನ್ನು ನಿಲ್ಲಿಸುವ ಅಗಲವಾದ ಗಾಜು ಬೇಕು. ಒಡವೆಯ ಸ್ಥಿತಿ ಬೇರೆ. ಉಂಗುರವೊಂದು ಸರಿಯಾಗಿ ಕಾಣುವುದು ಎರಡಡಿ ದೂರದಿಂದ. ಮೂರು ಒಳ್ಳೆಯ ವಸ್ತುಗಳಿಗೆ ಒಂದು ಸಣ್ಣ ಕಿಟಕಿ ಸಾಕು, ಸಣ್ಣ ಕಿಟಕಿಗೆ ಜನ ಮುಖ ಹತ್ತಿರ ತಂದು ನೋಡುತ್ತಾರೆ ಎಂಬ ಲಾಭವೂ ಉಂಟು. ಕೂರುವ ಕೋಣೆ, ಖಾಸಗಿ ಕೋಣೆ, ರಿಪೇರಿ ಮೇಜು, ತಿಜೋರಿ ಎಲ್ಲವೂ ಬೇಡುವುದು ಆಳವನ್ನು. ಎರಡು ಬಾಗಿಲುಗಳ ನಡುವೆ ಗಿರಾಕಿಯನ್ನು ಕ್ಷಣ ಹೊತ್ತು ನಿಲ್ಲಿಸುವ ಭದ್ರತಾ ಪಡಸಾಲೆಗೂ ಆಳವೇ ಬೇಕು. ಹೀಗಿದ್ದೂ ಬ್ರ್ಯಾಂಡ್‌ಗಳು ಅಗಲವಾದ ಮುಖಭಾಗಕ್ಕೆ ಮುಗಿಬೀಳುವುದು ಅದು ಜಾಹೀರಾತು ಫಲಕದ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ. ಜಾಹೀರಾತಿಗೆ ಖರ್ಚು ಮಾಡುವುದು ತಪ್ಪಲ್ಲ, ಆದರೆ ಅದನ್ನು ಬಾಡಿಗೆಯ ಖಾತೆಯಲ್ಲಿ ಮರೆಮಾಡಬಾರದು.

ಈಗ ಬೂಶ್ರಾನ್‌ನ ಬಿಸಿಲಿಗೆ ಮರಳೋಣ. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಬಾಗಿಸುವ ಅಳತೆ, 2.42. ಒಳಹೊಕ್ಕ ಬೆಳಕು ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಕಲ್ಲಿನ ಮುಖಕ್ಕೆ ಬಡಿದರೆ ಹೊರಹೋಗಲಾರದೆ ಒಳಗೇ ಪ್ರತಿಫಲಿಸುತ್ತದೆ. ಕುಶಲಕರ್ಮಿ ಮುಖಗಳನ್ನು ಕೊರೆಯುವುದು ಆ ಬೆಳಕನ್ನು ಮತ್ತೆ ಮೇಲಕ್ಕೆ, ನೋಡುವವನ ಕಣ್ಣಿಗೆ ಮರಳಿಸಲು. ಅಂದರೆ ವಜ್ರವೆಂದರೆ ಸಣ್ಣ ಸಣ್ಣ ಕನ್ನಡಿಗಳ ಗೊಂಚಲು, ತನ್ನ ಸುತ್ತಲಿನ ಬೆಳಕನ್ನೇ ಅದು ತೋರಿಸುತ್ತದೆ. ಸುತ್ತ ಎಲ್ಲೆಡೆ ಸಮನಾದ, ಹರಡಿದ ಬೆಳಕಿದ್ದರೆ ಎಲ್ಲ ಮುಖಗಳೂ ಒಂದೇ ಬಿಳಿಚು ಬಣ್ಣವನ್ನು ತೋರಿ ಕಲ್ಲು ಸಪ್ಪೆಯಾಗುತ್ತದೆ. ಮಿನುಗು ಹುಟ್ಟುವುದು ಕತ್ತಲೆಯ ಹಿನ್ನೆಲೆಯಲ್ಲಿ ಚೂಪಾದ ಬೆಳಕಿನ ಬಿಂದುಗಳಿದ್ದಾಗ. ನೇರ ಬಿಸಿಲು ಅಂಥದ್ದೊಂದು ಬಿಂದು. ಚಾವಣಿಯ ತುಂಬ ಬೆಳಕಿನ ಹಲಗೆಗಳನ್ನು ಹೊದಿಸಿದ ಆಧುನಿಕ ಮಾಲ್ ಅದಕ್ಕೆ ತದ್ವಿರುದ್ಧ. ಸುತ್ತಲಿನ ಓಣಿಯ ಬೆಳಕನ್ನು ನಿಯಂತ್ರಿಸುವವನು ಮಾಲ್‌ನ ಒಡೆಯ, ಅದು ಗಾಜಿನ ಮೂಲಕ ಒಳಗೆ ಚೆಲ್ಲುತ್ತದೆ, ಕತ್ತಲೆ ಎಂಬ ಸಾಮಗ್ರಿ ನಿಮಗೆ ಸಿಗುವುದೇ ಇಲ್ಲ. ಚಾವಣಿಯ ಎತ್ತರವೂ ಇಲ್ಲಿ ಮುಖ್ಯ. ತಗ್ಗು ಚಾವಣಿಯಲ್ಲಿ ಬಿಂದು ದೀಪ ಹಾಕಿದರೆ ಗಾಜಿನ ಪೆಟ್ಟಿಗೆಯ ಮೇಲೆ ದೀಪದ ಪ್ರತಿಬಿಂಬ ಕೂರುತ್ತದೆ, ಬಗ್ಗಿ ನೋಡುವವನ ತಲೆಯ ನೆರಳು ಒಡವೆಯ ಮೇಲೆ ಬೀಳುತ್ತದೆ.

ಹಾಗೆಂದು ಬಿಸಿಲಿನ ಮೂಲೆಯನ್ನೇ ಕಣ್ಣುಮುಚ್ಚಿ ಹಿಡಿಯುವಂತಿಲ್ಲ. ಮುತ್ತು ಮತ್ತು ಓಪಲ್ ಒಣ ಶಾಖವನ್ನು ಸಹಿಸುವುದಿಲ್ಲ. ಬಹುಪಾಲು ಪಚ್ಚೆಗಳ ಬಿರುಕುಗಳಿಗೆ ಎಣ್ಣೆ ತುಂಬಿರುತ್ತಾರೆ, ಕಾದ ಗಾಜಿನ ಹಿಂದೆ ಅದು ಒಣಗಿ ಬಿರುಕು ಎದ್ದು ಕಾಣತೊಡಗುತ್ತದೆ. ಕುಂಜೈಟ್‌ನಂಥ ಕಲ್ಲಿನ ಬಣ್ಣ ಬಿಸಿಲಿಗೆ ಮಾಸುತ್ತದೆ. ವಜ್ರವೇ ಪ್ರಧಾನವಾದ ಬ್ರ್ಯಾಂಡ್ ಮತ್ತು ಬಣ್ಣದ ಕಲ್ಲು, ಮುತ್ತುಗಳನ್ನು ನೆಚ್ಚಿಕೊಂಡ ಬ್ರ್ಯಾಂಡ್ ಒಂದೇ ಬೀದಿಯ ಎದುರುಬದುರು ಬದಿಗಳನ್ನು ಆರಿಸಿಕೊಂಡರೆ ಅದರಲ್ಲಿ ಅರ್ಥವಿದೆ. ನೆರಳಿನ ಬದಿಗೂ ಒಂದು ತೊಡಕಿದೆ: ಎದುರಿನ ಬಿಳಿ ಗೋಡೆಗೆ ಬಿಸಿಲು ಬಡಿದಾಗ ನಿಮ್ಮ ಗಾಜು ಕನ್ನಡಿಯಾಗುತ್ತದೆ, ದಾರಿಹೋಕನಿಗೆ ಅದರಲ್ಲಿ ಕಾಣುವುದು ತನ್ನದೇ ಮುಖ ಮತ್ತು ಹಿಂದಿನ ಕಟ್ಟಡ. ಇದನ್ನು ನಕ್ಷೆಯಲ್ಲಿ ನೋಡಿ ತಿಳಿಯಲಾಗದು, ನಿಂತೇ ನೋಡಬೇಕು. ಒಳಗೆ ಎಷ್ಟೇ ಜಾಣತನದ ದೀಪಗಳಿದ್ದರೂ ಒಂದು ಆಸನ ಸಹಜ ಬೆಳಕಿನ ಕಿಟಕಿಯ ಪಕ್ಕದಲ್ಲಿರಬೇಕು ಎಂಬುದು ನನ್ನ ಹಟ. ಬೆಚ್ಚನೆಯ ಹಳದಿ ಬೆಳಕಿನಲ್ಲಿ ಮೆಚ್ಚಿದ ಕಲ್ಲು ಮರುದಿನ ಹಗಲಿನಲ್ಲಿ ಬೇರೆಯೇ ಆಗಿ ಕಂಡರೆ ಗಿರಾಕಿಯ ನಂಬಿಕೆ ಅಲ್ಲಿಗೇ ಮುರಿಯುತ್ತದೆ.

ನೆರೆಹೊರೆಯ ವಿಚಾರದಲ್ಲಿ ಎಲ್ಲರೂ ಹೇಳುವ ಮಾತು, ದೊಡ್ಡ ಹೆಸರುಗಳ ಪಕ್ಕದಲ್ಲಿರಿ ಎಂಬುದು. ಅದರಲ್ಲಿ ಅರ್ಧ ಸತ್ಯವಿದೆ. ಆಭರಣ ಮಳಿಗೆಗಳು ಗುಂಪಾಗಿದ್ದರೆ ಹೋಲಿಸಿ ನೋಡಲು ಬಂದ ಗಿರಾಕಿ ಎಲ್ಲರಿಗೂ ಸಿಗುತ್ತಾನೆ. ಆದರೆ ಇತಿಹಾಸದಲ್ಲಿ ಆಭರಣ ಹೆಚ್ಚು ಹಿಂಬಾಲಿಸಿದ್ದು ಆಭರಣವನ್ನಲ್ಲ, ಉಡುಪನ್ನು ಮತ್ತು ಗಿರಾಕಿಯ ಮನೆಯನ್ನು. ಕಾರ್ಟಿಯೇ 1899ರಲ್ಲಿ ಪ್ಯಾರಿಸಿನ ರೂ ದ ಲಾ ಪೇ ಬೀದಿಗೆ ಹೋದಾಗ ಅದೇ ಬೀದಿಯಲ್ಲಿ ಯುರೋಪಿನ ಸಿರಿವಂತ ಮಹಿಳೆಯರ ಉಡುಪು ಹೊಲಿಯುತ್ತಿದ್ದ ವರ್ತ್ ಸಂಸ್ಥೆ ಇತ್ತು. ಲೂಯಿ ಕಾರ್ಟಿಯೇ ಹಿಂದಿನ ವರ್ಷ ಆ ಮನೆತನದ ಹೆಣ್ಣನ್ನೇ ಮದುವೆಯಾಗಿದ್ದ. ಹೊಸ ಉಡುಪಿನ ಕೊರಳಿಗೆ ಹೊಸ ಹಾರ ಬೇಕೆನಿಸುವ ಗಳಿಗೆಯಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿರುವುದೇ ನಿಜವಾದ ನೆರೆತನ.

ನ್ಯೂಯಾರ್ಕಿನ ಟಿಫನಿಯ ಹಾದಿ ಇನ್ನೂ ಸ್ಪಷ್ಟ. 1837ರಲ್ಲಿ ಬ್ರಾಡ್‌ವೇಯ ಕೆಳತುದಿಯಲ್ಲಿ ಶುರುವಾದ ಆ ಅಂಗಡಿ 1870ರಲ್ಲಿ ಯೂನಿಯನ್ ಸ್ಕ್ವೇರ್‌ನಲ್ಲಿತ್ತು, 20ನೇ ಶತಮಾನದ ಆರಂಭದಲ್ಲಿ ಫಿಫ್ತ್ ಅವೆನ್ಯೂದ 37ನೇ ಅಡ್ಡಬೀದಿಗೆ ಹೋಯಿತು, 1940ರಲ್ಲಿ 57ನೇ ಅಡ್ಡಬೀದಿಗೆ ಬಂದು ನಿಂತಿತು. ನಗರದ ಸಿರಿವಂತ ಮನೆಗಳು ಉತ್ತರಕ್ಕೆ ಸರಿದಂತೆ ಅಂಗಡಿಯೂ ಸರಿಯಿತು. ಐಷಾರಾಮಿ ಸರಕಿನ ಎಲ್‌ವಿಎಂಎಚ್ ಸಮೂಹ 2021ರ ಜನವರಿಯಲ್ಲಿ 1,580 ಕೋಟಿ ಡಾಲರಿಗೆ ಟಿಫನಿಯನ್ನು ಕೊಂಡ ಮೇಲೂ ಆ ಮೂಲೆಯನ್ನು ಬಿಡಲಿಲ್ಲ. ವಾಸ್ತುಶಿಲ್ಪಿ ಪೀಟರ್ ಮರೀನೊ ಒಳಾಂಗಣವನ್ನು ಮರುರೂಪಿಸಿದ ಮೇಲೆ 2023ರ ಏಪ್ರಿಲ್‌ನಲ್ಲಿ ಅದೇ ವಿಳಾಸದಲ್ಲಿ ಬಾಗಿಲು ತೆರೆಯಿತು. 103 ವರ್ಷ ಅಲೆದ ಸಂಸ್ಥೆ ಆಮೇಲೆ ಒಂದೇ ಕಡೆ ಬೇರುಬಿಟ್ಟಿದೆ. ಹೊಸ ಬ್ರ್ಯಾಂಡ್ ಇದರಿಂದ ಕಲಿಯಬೇಕಾದದ್ದು ಕೊನೆಯ ವಿಳಾಸದ ವೈಭವವನ್ನಲ್ಲ, ಮೊದಲ ನೂರು ವರ್ಷಗಳ ಚಲನೆಯನ್ನು.

ಭದ್ರತೆಯ ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಜಾಗ ಒಪ್ಪಿಗೆಯಾಗಿ ಬಣ್ಣಗಳನ್ನು ಆರಿಸುವ ಹೊತ್ತಿಗೆ. ಇದು ದುಬಾರಿ ತಪ್ಪು. ಎರಡು ಟನ್ ತೂಕದ ತಿಜೋರಿ ಸುಮಾರು ಒಂದು ಚದರ ಮೀಟರ್ ಜಾಗದ ಮೇಲೆ ಕೂರುತ್ತದೆ. ಅಂಗಡಿಯ ನೆಲವನ್ನು ಸಾಮಾನ್ಯವಾಗಿ ವಿನ್ಯಾಸ ಮಾಡುವುದು ಚದರ ಮೀಟರಿಗೆ 400ರಿಂದ 500 ಕಿಲೋ ಹೊರೆಗೆ. ಮೇಲಂತಸ್ತಾದರೆ ಉಕ್ಕಿನ ತೊಲೆ ಸೇರಿಸಬೇಕು, ಕೆಳಗಿನ ಬಾಡಿಗೆದಾರ ಒಪ್ಪಬೇಕು. ನೆಲಮಾಳಿಗೆಯಾದರೆ ನೀರು ಮತ್ತು ತೇವದ ಚಿಂತೆ. ತಿಜೋರಿಯ ದರ್ಜೆಯನ್ನು ನಿರ್ಧರಿಸುವುದು ಬ್ರ್ಯಾಂಡ್ ಅಲ್ಲ, ವಿಮೆ ಕಂಪನಿ. ಹಾಗಾಗಿ ವಿಮೆಯವರನ್ನು ಕರಾರಿಗೆ ಮೊದಲೇ ಜಾಗಕ್ಕೆ ಕರೆತರುವುದು ಲೇಸು. ಹಳೆಯ ಸಂರಕ್ಷಿತ ಕಟ್ಟಡಗಳಲ್ಲಿ ಮುಂಭಾಗದ ಗಾಜು ಬದಲಿಸಲೂ ಅನುಮತಿ ಬೇಕು, ಪಾದಚಾರಿ ದಾರಿಯಲ್ಲಿ ವಾಹನ ತಡೆಯುವ ಕಂಬ ನೆಡುವುದು ನಗರಾಡಳಿತದ ಕೈಯಲ್ಲಿರುತ್ತದೆ. ಆ ಕಂಬಗಳು ಅಲಂಕಾರವಲ್ಲ. 2007ರಲ್ಲಿ ದುಬೈನ ವಾಫಿ ಮಾಲ್‌ಗೆ ಕಳ್ಳರು ಎರಡು ಔಡಿ ಕಾರುಗಳನ್ನು ಗಾಜು ಒಡೆದು ನುಗ್ಗಿಸಿ ಗ್ರಾಫ್ ಎಂಬ ಆಭರಣ ಮಳಿಗೆಯನ್ನು ದೋಚಿದರು. ಮಾಲ್ ಎಂದರೆ ಸುರಕ್ಷಿತ ಎಂಬ ನಂಬಿಕೆ ಅಲ್ಲಿ ಕೆಲವೇ ನಿಮಿಷ ಬಾಳಿತು. 2009ರ ಆಗಸ್ಟ್‌ನಲ್ಲಿ ಲಂಡನ್ನಿನ ನ್ಯೂ ಬಾಂಡ್ ಬೀದಿಯ ಗ್ರಾಫ್ ಮಳಿಗೆಗೆ ಗಿರಾಕಿಗಳಂತೆ ಸೂಟು ತೊಟ್ಟು ಬಂದವರು ಸುಮಾರು 4 ಕೋಟಿ ಪೌಂಡ್ ಮೌಲ್ಯದ ಒಡವೆಗಳೊಂದಿಗೆ ಹೊರನಡೆದರು.

ಕಟ್ಟಡದಲ್ಲಿ ಬೇರೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. 2003ರ ಫೆಬ್ರವರಿಯಲ್ಲಿ ಆಂಟ್‌ವರ್ಪ್‌ನ ವಜ್ರ ಕೇಂದ್ರದ ಭೂಗತ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಪೆಟ್ಟಿಗೆಗಳು ಬರಿದಾದವು. ಕಳ್ಳರ ತಂಡದ ಮುಖಂಡ ಅದೇ ಕಟ್ಟಡದಲ್ಲಿ ವಜ್ರ ವ್ಯಾಪಾರಿಯ ಸೋಗಿನಲ್ಲಿ ಕಚೇರಿ ಬಾಡಿಗೆಗೆ ಹಿಡಿದಿದ್ದ ಬಾಡಿಗೆದಾರ. 2015ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ಒಡವೆ ವ್ಯಾಪಾರದ ಕೇರಿಯಾದ ಹ್ಯಾಟನ್ ಗಾರ್ಡನ್‌ನಲ್ಲಿ ಕಳ್ಳರು ಲಿಫ್ಟಿನ ಬಾವಿಯಲ್ಲಿ ಇಳಿದು ತಿಜೋರಿ ಕೋಣೆಯ 50 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಗೋಡೆಯನ್ನು ಕೊರೆದರು. ಮುಂಬಾಗಿಲ ಮೇಲೆ ಎಷ್ಟೇ ಖರ್ಚು ಮಾಡಿದರೂ ಹಿಂಗೋಡೆ, ಲಿಫ್ಟು, ಮೇಲಿನ ನೆಲ, ಸರಕು ಇಳಿಸುವ ಅಂಗಳ ಹಂಚಿಕೆಯಾಗಿದ್ದರೆ ಜಾಗ ಪೂರ್ತಿ ನಿಮ್ಮದಲ್ಲ. ಬೆಲೆಬಾಳುವ ಪೆಟ್ಟಿಗೆ ವಾಹನದಿಂದ ಇಳಿದು ತಿಜೋರಿ ಸೇರುವ ದಾರಿಯಲ್ಲಿ ಎಷ್ಟು ಹೆಜ್ಜೆ ಸಾರ್ವಜನಿಕರ ಕಣ್ಣಿಗೆ ಬೀಳುತ್ತದೆ ಎಂದು ಎಣಿಸಿ ನೋಡಬೇಕು.

ಕರಾರಿನ ಷರತ್ತುಗಳಲ್ಲಿ ಈ ಹೊತ್ತಿಗೆ ನನ್ನನ್ನು ಹೆಚ್ಚು ಕಾಡುವುದು ಮಾರಾಟದ ಶೇಕಡಾವಾರು ಬಾಡಿಗೆ. ಮಾಲ್‌ಗಳಲ್ಲಿ ಮೂಲ ಬಾಡಿಗೆಯ ಜೊತೆಗೆ, ಮಾರಾಟ ಒಂದು ಗಡಿ ದಾಟಿದರೆ ದಾಟಿದ ಮೊತ್ತದಲ್ಲಿ ಪಾಲು ಕೊಡುವ ಪದ್ಧತಿ ಇದೆ. ಮೂಲ ಬಾಡಿಗೆ 100, ಪಾಲು ಶೇ 8 ಎಂದಿಟ್ಟುಕೊಂಡರೆ, ಆ ಪಾಲು ಮೂಲ ಬಾಡಿಗೆಗೆ ಸಮನಾಗುವ ಮಾರಾಟವಾದ 1,250 ಆ ಗಡಿ. ವರ್ಷಕ್ಕೆ 1,200ರಷ್ಟು ಮಾರುವ ಮಳಿಗೆ ಗಡಿಯ ಒಳಗೇ ಇರುತ್ತದೆ. ಅದರ ಒಡವೆಯ ಬೆಲೆಯಲ್ಲಿ ಶೇ 60 ಚಿನ್ನದ್ದು ಎನ್ನೋಣ. ಚಿನ್ನದ ದರ ಅರ್ಧದಷ್ಟು ಏರಿದರೆ, ಅಷ್ಟೇ ಒಡವೆಗಳನ್ನು ಅಷ್ಟೇ ಲಾಭಕ್ಕೆ ಮಾರಿದರೂ ಮಾರಾಟದ ಮೊತ್ತ 1,560 ಆಗುತ್ತದೆ. ಗಡಿಯ ಮೇಲಿನ 310ಕ್ಕೆ ಸುಮಾರು 25ರಷ್ಟು ಹೆಚ್ಚುವರಿ ಬಾಡಿಗೆ ಬೀಳುತ್ತದೆ. ಲಾಭ ಒಂದು ಬಿಡಿಗಾಸೂ ಏರಿಲ್ಲ, ಬಾಡಿಗೆ ಕಾಲು ಪಟ್ಟು ಏರಿತು. ಇದು ಊಹೆಯ ಆಟವಲ್ಲ. ಔನ್ಸ್ ಚಿನ್ನ 2025ರ ಮಾರ್ಚ್‌ನಲ್ಲಿ 3,000 ಡಾಲರ್ ದಾಟಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ 4,000 ದಾಟಿತು. ಗಡಿಯನ್ನು ಚಿನ್ನದ ದರಕ್ಕೆ ಹೊಂದಿಸುವ ಅಥವಾ ಲೋಹದ ಮೌಲ್ಯವನ್ನು ಕಳೆದು ಪಾಲು ಲೆಕ್ಕ ಹಾಕುವ ಷರತ್ತನ್ನು ಕೇಳದೆ ಸಹಿ ಹಾಕುವುದು ಅನ್ಯಾಯವನ್ನು ಕೈಯಾರೆ ಬರೆದುಕೊಂಡಂತೆ.

ಉಳಿದ ಷರತ್ತುಗಳನ್ನು ವಕೀಲರು ನೋಡಿಕೊಳ್ಳುತ್ತಾರೆ. ಎರಡನ್ನು ಮಾತ್ರ ನೆನಪಿಸುತ್ತೇನೆ. ಬೆಸುಗೆಯ ಜ್ವಾಲೆ, ಪಾಲಿಶ್ ಧೂಳು ಹೊರುವ ರಿಪೇರಿ ಮೇಜಿಗೆ ಜಾಗದ ಬಳಕೆಯ ಷರತ್ತಿನಲ್ಲಿ ಅವಕಾಶ ಇರಬೇಕು. ಕರಾರಿನ ನಡುವೆ ಮಳಿಗೆಯನ್ನು ಬೇರೆ ಮೂಲೆಗೆ ಎತ್ತಂಗಡಿ ಮಾಡುವ ಹಕ್ಕು ಮಾಲೀಕನಿಗೆ ಇರಕೂಡದು, ತಿಜೋರಿ ಕೂರಿಸಿದ ಅಂಗಡಿ ಬಟ್ಟೆಯ ಅಂಗಡಿಯಂತೆ ಒಂದು ರಾತ್ರಿಯಲ್ಲಿ ಎದ್ದು ಹೋಗಲಾರದು.

ಹಾಗಾದರೆ ಕಟ್ಟಡ ಕೊಳ್ಳುವ ಶಕ್ತಿಯಿಲ್ಲದ, ಆದರೆ ಒಳ್ಳೆಯ ಕೆಲಸಗಾರಿಕೆಯ ಬ್ರ್ಯಾಂಡ್ ಎಲ್ಲಿಗೆ ಹೋಗಬೇಕು? ದೊಡ್ಡ ಬೀದಿಯಿಂದ ತಿರುಗುವ ಮೊದಲ ಅಡ್ಡರಸ್ತೆಗೆ ಎಂಬುದು ನನ್ನ ಉತ್ತರ. ಇಲ್ಲವೇ ಅದೇ ದೊಡ್ಡ ಬೀದಿಯ ಮೊದಲ ಮಹಡಿಗೆ. ಮುಂಚಿತವಾಗಿ ಸಮಯ ಗೊತ್ತುಮಾಡಿ ಬರುವ ಗಿರಾಕಿಗೆ ಮೆಟ್ಟಿಲು ಅಡ್ಡಿಯಲ್ಲ, ಲಿಫ್ಟ್ ಇದ್ದರೆ ಸಾಕು. ನೆಲಮಟ್ಟದ ಗಾಜು ಒಡೆಯುವ ಭಯ ಕಡಿಮೆ, ಸಹಜ ಬೆಳಕು ಹೆಚ್ಚು. ಉಳಿದ ಹಣದಲ್ಲಿ ಕಲ್ಲು ಬಲ್ಲ ಇನ್ನೊಬ್ಬ ಮಾರಾಟಗಾರನನ್ನು ಇಟ್ಟುಕೊಳ್ಳಬಹುದು. ಹೆಸರು ಇನ್ನೂ ಯಾರಿಗೂ ಗೊತ್ತಿಲ್ಲದಿದ್ದರೆ ಮಹಡಿಗೆ ಯಾರು ಹತ್ತುತ್ತಾರೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅಂಥವರು ಬೀದಿಮಟ್ಟದಲ್ಲಿ ಒಂದು ಸಣ್ಣ ಪ್ರದರ್ಶನ ಕಿಟಕಿಯನ್ನಷ್ಟೇ ಬಾಡಿಗೆಗೆ ಹಿಡಿದು ಬಾಗಿಲನ್ನು ಮೇಲಿಡುವ ದಾರಿಯನ್ನು ಪರಿಶೀಲಿಸಬೇಕು, ಇಲ್ಲವೇ ಕೆಲವು ತಿಂಗಳ ತಾತ್ಕಾಲಿಕ ಮಳಿಗೆಯಲ್ಲಿ ಬೀದಿಯನ್ನು ಪರೀಕ್ಷಿಸಿ ನೋಡಬೇಕು.

ಪಟ್ಟಿಯಲ್ಲಿ ಎರಡು ಮೂರು ಜಾಗ ಉಳಿದ ಮೇಲೆ ಮಾಡಬೇಕಾದ ಕೆಲಸ ಸರಳ. ಒಂದು ವಜ್ರದ ಉಂಗುರ, ಒಂದು ಹಳದಿ ಚಿನ್ನದ ಬಳೆ, ಒಂದು ಎಳೆ ಮುತ್ತು ಜೊತೆಗಿಟ್ಟುಕೊಂಡು ಖಾಲಿ ಅಂಗಡಿಯಲ್ಲಿ ಬೆಳಿಗ್ಗೆ 11ಕ್ಕೆ ಒಮ್ಮೆ, ಮಧ್ಯಾಹ್ನ 4ಕ್ಕೆ ಒಮ್ಮೆ, ಬೀದಿದೀಪ ಹತ್ತಿದ ಮೇಲೆ ಮತ್ತೊಮ್ಮೆ ಕೂರಬೇಕು. ಪಕ್ಕದ ಗೋಡೆಯಾಚೆಯ ಸಂಗೀತ ಎಷ್ಟು ಕೇಳುತ್ತದೆ, ಹೊರಗೆ ನಿಂತವನಿಗೆ ಒಳಗೆ ಕುಳಿತವನ ಮುಖ ಕಾಣುತ್ತದೆಯೇ, ಕಾರಿನಿಂದ ಬಾಗಿಲಿಗೆ ಎಷ್ಟು ದೂರ, ಮಳೆ ಬಂದರೆ ನಿಲ್ಲಲು ಚಾವಣಿ ಇದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಮಾಲೀಕನ ಹತ್ತಿರ ನೆಲಮಾಳಿಗೆಯ ಬೀಗದ ಕೈ ಕೇಳಿ, ಟಾರ್ಚ್ ಹಿಡಿದು ಕೆಳಗಿಳಿದು, ಗೋಡೆಯ ಆಚೆ ಬದಿಯಲ್ಲಿ ಏನಿದೆ ಎಂದು ವಿಚಾರಿಸಬೇಕು.